ರಾಣಿಯ ಮುಂದೆ ಮೈಸೂರಿನ ರಾಯಭಾರಿ

ಚರಿತ್ರೆ ಪಾಠ ಮಾಡುವವರಿಗೆ ಚರಿತ್ರೆಗಿಂತ ಅದರ ಸುತ್ತ ನಡೆಯುವ ಫಜೀತಿಗಳೇ ಹೆಚ್ಚು ನೆನಪಿರುತ್ತವೆ. ತಮಿಳು ಸೀಮೆಯ ಅಡ್ಯಾರಿನ ಒಂದು ಶಾಲೆಯಲ್ಲಿ ನಾನು ಒಂಬತ್ತನೆಯ ತರಗತಿಗೆ ಚರಿತ್ರೆ ಟೀಚರ್. ಊರು ಮೈಸೂರು. ಊರಿನ ವಿಷಯ ಯಾಕೆ ಹೇಳುತ್ತಿದ್ದೇನೆಂದರೆ, ಅದೇ ತರಗತಿಯಲ್ಲಿದ್ದ ನನ್ನ ಮಗಳು ನಾನು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ಅರ್ಥವಾಗುತ್ತಿರಲಿಲ್ಲ ಎಂದಲ್ಲ, ಎಲ್ಲವೂ ಆಗುತ್ತಿತ್ತು. ನಮ್ಮ ಯಜಮಾನರು ಆಫೀಸಿನ ಕ್ಯಾಬ್ ಹತ್ತಿ ಶೋಳಿಂಗನಲ್ಲೂರಿಗೆ ಹೋದ ಮೇಲೆ ಮನೆಯಲ್ಲಿ ಕನ್ನಡ ಆಡುವವಳು ನಾನೊಬ್ಬಳೇ. ಮಗಳ ಬಾಯಿಂದ ಒಂದು ಕನ್ನಡ ವಾಕ್ಯ ಕೇಳುವ ಆಸೆ ಎಷ್ಟಿತ್ತೆಂದರೆ, ಬೀದಿಯಲ್ಲಿ ಯಾರೋ ಯಾರನ್ನೋ ‘ಏನ್ರೀ’ ಅಂದರೂ ನಾನು ನಿಂತುಬಿಡುತ್ತಿದ್ದೆ.

೧. ಚಾರ್ಟಿನ ಹಿಂದೆ

ಯುರೋಪಿನ ಪುನರುಜ್ಜೀವನ, ಅಂದರೆ ಅಲ್ಲಿ ವಿದ್ಯೆ, ಕಲೆ, ಹೊಸ ವಿಚಾರ ಎಲ್ಲ ಮತ್ತೆ ಚಿಗುರಿದ ಕಾಲ. ಆ ಪಾಠಕ್ಕೆಂದು ಒಬ್ಬ ಇಂಗ್ಲಿಷ್ ರಾಣಿಯ ಸಿನಿಮಾ ಸಿ.ಡಿ. ತಂದೆ. ಹೆಡ್ ಮೇಡಂ ಒಂದೇ ಷರತ್ತು ಹಾಕಿದರು: ರಾಣಿಯ ಹತ್ತಿರ ಗಂಡಸು ಬಂದಾಗಲೆಲ್ಲ ಆಯಾ ಟಿ.ವಿ. ಮುಂದೆ ಚಾರ್ಟ್ ಹಿಡಿಯಬೇಕು.

ಆಯಾ ಬಹಳ ನಿಷ್ಠೆಯವರು. ಆದರೆ ರಾಣಿಯ ಮಂತ್ರಿಗಳೆಲ್ಲ ಗಂಡಸರೇ. ಮಂತ್ರಾಲೋಚನೆ, ಕವಿಗಳ ಸತ್ಕಾರ, ನಾವಿಕರು ಭೂಪಟ ಬಿಚ್ಚಿದ್ದು, ರಾಯಭಾರಿಗಳು ಬಂದದ್ದು, ಎಲ್ಲಕ್ಕೂ ಚಾರ್ಟ್ ಅಡ್ಡ. ದನಿ ಮಾತ್ರ ಕೇಳಿತು. ಕೊನೆಗೆ ತೋಳು ನೋವು ತಡೆಯಲಾರದೆ ಅವರು ಚಾರ್ಟ್ ಇಳಿಸಿದರು. ಸರಿಯಾಗಿ ಆಗಲೇ ರಾಣಿ ಒಬ್ಬನಿಗೆ ಮುತ್ತು ಕೊಡುತ್ತಿದ್ದಳು.

ಮಕ್ಕಳು ಚಪ್ಪಾಳೆ ತಟ್ಟಿದರು. ಆಯಾ ನನ್ನತ್ತ ತಿರುಗಿ, “ಮಿಸ್, ಇದು ಪರೀಕ್ಷೆಗೆ ಬರುತ್ತಾ?” ಎಂದರು.

೨. ಉತ್ತರಪತ್ರಿಕೆ

ಪರೀಕ್ಷೆಯಲ್ಲಿ, ‘ಈ ರಾಣಿಯನ್ನು ಪುನರುಜ್ಜೀವನ ಕಾಲದ ದೊರೆ ಎಂದು ಸಿನಿಮಾ ಹೇಗೆ ತೋರಿಸುತ್ತದೆ?’ ಎಂದು ಕೇಳಿದೆ. ಒಬ್ಬ ಬರೆದ: ‘ತೋರಿಸುವುದಿಲ್ಲ. ಮುಚ್ಚುತ್ತದೆ.’ ಒಬ್ಬಳು ಬರೆದಳು: ‘ಕತ್ತಿನ ಸುತ್ತ ತಟ್ಟೆಯಷ್ಟಗಲದ ಪಟ್ಟಿ ಇದ್ದುದರಿಂದ ಊಟಕ್ಕೆ ಬಗ್ಗಲಾಗದೆ ಓದುತ್ತಾ ಕೂತಳು. ಹಾಗೆ ವಿದ್ಯೆ ಬೆಳೆಯಿತು.’

ನನ್ನ ಮಗಳ ಉತ್ತರ ಇದು: ‘ಫ್ರಾನ್ಸಿನ ರಾಯಭಾರಿಗೆ ಫ್ರೆಂಚಿನಲ್ಲಿ, ಇಟಲಿಯವನಿಗೆ ಇಟಾಲಿಯನ್ನಿನಲ್ಲಿ ಮಾತಾಡಿದಳು. ಬಂದವರ ಭಾಷೆಯಲ್ಲಿ ಉತ್ತರಿಸುವವಳೇ ನಿಜವಾದ ವಿದ್ಯಾವಂತ ದೊರೆ.’

ಪೂರ್ತಿ ಅಂಕ ಕೊಟ್ಟೆ. ಕೊಟ್ಟಾದ ಮೇಲೆ ಸಿಟ್ಟು ಬಂತು.

೩. ದರ್ಬಾರು

ಮನೆಗೆ ಬಂದವಳೇ, “ರಾಣಿ ಅಷ್ಟು ಜನಕ್ಕೆ ಅವರವರ ಭಾಷೆಯಲ್ಲಿ ಉತ್ತರ ಕೊಟ್ಟಳಂತೆ. ನೀನು ಒಬ್ಬ ಅಮ್ಮನಿಗೆ ಕೊಡೋಕಾಗಲ್ವೇನೇ?” ಎಂದು ಕೇಳಿದೆ.

“ಅವಂಗ ವೆಳಿಯೂರುಕಾರಂಗ, ಮಾ,” ಎಂದಳು. ಅವರು ಹೊರಗಿನೂರಿನವರು ಎಂದು ಅರ್ಥ. ಮನೆಯವರ ಹತ್ತಿರ ರಾಣಿಯೂ ತನ್ನ ಭಾಷೆಯನ್ನೇ ಆಡುತ್ತಾಳೆ, ನೀನೇನು ಹೊರಗಿನವಳಾ ಎಂದೂ ತಮಿಳಿನಲ್ಲೇ ಕೇಳಿದಳು. ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಯಾವುದು ಮೊದಲು ಎಂದು ಈಗಲೂ ಖಚಿತವಾಗಿ ಹೇಳಲಾರೆ.

ಭಾನುವಾರ ಬೆಳಿಗ್ಗೆ ಅವಳಿನ್ನೂ ಮಂಚದ ಮೇಲೆ ಕೂತಿದ್ದಳು. ನಾನು ದೋಸೆ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು, ಬಗ್ಗಿ, “ಮಹಾರಾಣಿಯವರೇ, ನಾನು ಮೈಸೂರಿನ ರಾಯಭಾರಿ. ಹೊರಗಿನವಳು. ಕಾಣಿಕೆ ತಂದಿದ್ದೇನೆ,” ಎಂದೆ.

ಅವಳು ಬೆನ್ನು ನೆಟ್ಟಗೆ ಮಾಡಿದಳು. “ಹತ್ರ ಬನ್ನಿ. ಚಟ್ನಿ ಎಲ್ಲಿ?”

ಕನ್ನಡ! ಅದೂ ಥೇಟ್ ನಮ್ಮಮ್ಮನ ರಾಗ. ಓಡಿಹೋಗಿ ಚಟ್ನಿ ತಂದೆ.

“ಇದು ಒಂದು ಕಡೆ ಸೀದಿದೆ. ನಿಮ್ಮ ರಾಜರಿಗೆ ಹೇಳಿ, ಇನ್ನೊಂದು ಕಳಿಸಲಿ.”

ಹೇಳಿದೆ, ಕಳಿಸಿದರು. ದೋಸೆಗೊಂದು ವಾಕ್ಯ. ಅವಳು ಬಯ್ಯುತ್ತಾ ಹೋದಳು, ನಾನು ಹುಯ್ಯುತ್ತಾ ಹೋದೆ. ಏಳನೆಯದರ ಹೊತ್ತಿಗೆ ಪಾತ್ರೆ ಖಾಲಿ. ಬಂದು, “ಮಹಾರಾಣಿ, ಹಿಟ್ಟು ಮುಗಿಯಿತು,” ಎಂದೆ.

ರಾಣಿ ಮಂಚ ಇಳಿದಳು. “ಅವ್ವಳೋದಾನಾ, ಮಾ?”

ಇಷ್ಟೇನಾ ಎಂದು ಅರ್ಥ. ನಾನು ಸೀದಾ ಅಡಿಗೆಮನೆಗೆ ಹೋಗಿ ಎರಡರಷ್ಟು ಅಕ್ಕಿ ನೆನೆಹಾಕಿದೆ.