ಮಗ್ಗ ನಿಂತ ಓಣಿಯಲ್ಲಿ ನನ್ನ ಸಂದರ್ಶನ

ಸಂದರ್ಶನಕ್ಕೆ ನನ್ನಷ್ಟು ತಯಾರಾದ ಎಂಜಿನಿಯರ್ ಈ ಭಾಗದಲ್ಲಿ ಇನ್ನೊಬ್ಬನಿರಲಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಅಬ್ಬಿಗೇರಿ, ಲಕ್ಕಲಕಟ್ಟಿ ಎಂದು ಊರೂರಿಗೆ ಕುಡಿಯುವ ನೀರಿನ ಪೈಪು ಹಾಕಿಸಿದವನು ನಾನು. ನ್ಯೂಜಿಲೆಂಡಿನಲ್ಲೂ ಜನ ನೀರು ಕುಡಿಯುತ್ತಾರೆ, ಅವರಿಗೂ ಪೈಪು ಬೇಕು. ಅಲ್ಲಿಯ ಕಂಪನಿಯೊಂದು ನನ್ನ ಅರ್ಜಿ ಮೆಚ್ಚಿ ವಿಡಿಯೋ ಸಂದರ್ಶನಕ್ಕೆ ಕರೆದಿತ್ತು. ಅವರು ಹೂಂ ಅಂದರೆ ಕೆಲಸ, ಕೆಲಸ ಸಿಕ್ಕರೆ ವೀಸಾ, ವೀಸಾ ಸಿಕ್ಕರೆ ವಿಮಾನ. ಮನಸ್ಸಿನಲ್ಲಿ ನಾನಾಗಲೇ ಕಿಟಕಿ ಪಕ್ಕದ ಸೀಟು ಹಿಡಿದಾಗಿತ್ತು!

ಮೊಬೈಲಿನಲ್ಲಿ ಸಿಕ್ಕ ಸಲಹೆಗಳನ್ನೆಲ್ಲ ಶ್ರದ್ಧೆಯಿಂದ ನೋಡಿದೆ. ಬೆನ್ನು ನೆಟ್ಟಗಿರಬೇಕು. ಮೈ ಅಲುಗಾಡಬಾರದು. ದೃಷ್ಟಿ ಕ್ಯಾಮೆರಾ ಬಿಟ್ಟು ಕದಲಬಾರದು. ಒಂದು ವಾರ ಕನ್ನಡಿಯ ಮುಂದೆ ಕೂತು ಇದನ್ನೇ ಸಾಧನೆ ಮಾಡಿದೆ. ಹೆಂಡತಿ ಸುಮಂಗಲಾ ಪುಸ್ತಕವನ್ನೂ ಒಮ್ಮೆ ತೆಗೆದು ನೋಡಿ ಅಂದಳು. ಪೈಪಿನ ಬಗ್ಗೆ ನನಗೆ ಪುಸ್ತಕವೇ ಎಂದು ನಕ್ಕುಬಿಟ್ಟೆ.

ಉಳಿದದ್ದು ಒಂದೇ ತೊಡಕು, ಮಗ್ಗದ ಸಪ್ಪಳ. ಗಜೇಂದ್ರಗಡದ ನೇಕಾರರ ಓಣಿ ನಮ್ಮದು. ಕರೆಂಟು ಹೋದರೂ ಕೈಮಗ್ಗ ನಿಲ್ಲುವುದಿಲ್ಲ. ಎದುರುಮನೆಯ ಈರಪ್ಪ ಕಾಕಾನ ಬಳಿ ಹೋಗಿ ಸಂಕೋಚದಿಂದಲೇ ಕೇಳಿದೆ.

"ಒಂದ ತಾಸ ಯಾಕ, ಎರಡ ತಾಸ ನಿಂದರಸ್ತೀವಿ ತಗೋ" ಅಂದ ಕಾಕಾ. "ನಮ್ಮ ಓಣಿ ಹುಡುಗ ದೇಶಾ ಬಿಟ್ಟ ಹೊಂಟಾನ, ಇಷ್ಟರೆ ಮಾಡಬಾರದೇನ?"

ಆ ದಿನ ಬೆಳಿಗ್ಗೆ ಓಣಿಯ ಅಷ್ಟೂ ಮಗ್ಗಗಳು ಒಮ್ಮೆಲೇ ನಿಂತವು. ಕೋಟು ತೊಟ್ಟು, ಕಿವಿಗೆ ಬಿಳಿಯ ಇಯರ್‌ಫೋನ್ ಸಿಕ್ಕಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಸುಮಂಗಲಾ ಗುಡಿಯಿಂದ ಓಡೋಡಿ ಬಂದು ಹಣೆಗೆ ಢಾಳಾಗಿ ವಿಭೂತಿ ಬಳಿದು, ದೇವರ ಹಾರವನ್ನು ಕೊರಳಿಗೆ ಹಾಕಿದಳು. ತೆಗೆಯುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಇಬ್ಬರು ಸಾಹೇಬರು ಮೂಡಿಬಿಟ್ಟರು. ಅವಳು ಅಡುಗೆಮನೆಗೆ ಹಾರಿದಳು. ನಾನು ಅಲುಗಾಡಲಿಲ್ಲ!

ಇಲ್ಲಿ ಒಂದು ಮಾತು ಹೇಳಬೇಕು. ಅಮಾವಾಸ್ಯೆಯ ರಜೆ ಬಿಟ್ಟರೆ ನಮ್ಮ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಒಂದೇ ಕಾರಣಕ್ಕೆ. ಓಣಿಯಲ್ಲಿ ಯಾರಾದರೂ ತೀರಿಕೊಂಡಾಗ. ಇದೇ ಓಣಿಯಲ್ಲಿ ಹುಟ್ಟಿ ಬೆಳೆದ ಮಹಾಶಯನಾದ ನನಗೆ ಅದು ನೆನಪಾಗಿರಲಿಲ್ಲ.

ಪಕ್ಕದ ಓಣಿಯ ನನ್ನ ಸೋದರತ್ತೆ ಗಂಗವ್ವನಿಗೆ ಸಪ್ಪಳ ನಿಂತದ್ದು ಕೇಳಿಸಿತು. ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಓಡಿ ಬಂದಳು. ಓಣಿಯ ಬಾಯಿಗೆ ಕಾವಲು ನಿಂತಿದ್ದ ಈರಪ್ಪ ಕಾಕಾ ಮಾತಾಡಿದರೆ ಗದ್ದಲವಾದೀತೆಂದು ತುಟಿಯ ಮೇಲೆ ಬೆರಳಿಟ್ಟು, ಯಾರ ಮನೆ ಎಂದು ಕಣ್ಣಲ್ಲೇ ಕೇಳಿದ ಅತ್ತೆಗೆ ನಮ್ಮ ಬಾಗಿಲು ತೋರಿಸಿದ.

ಅತ್ತೆ ಒಳಗೆ ಕಾಲಿಟ್ಟಾಗ ಕಂಡದ್ದೇನು? ನಮ್ಮಲ್ಲಿ ತೀರಿಹೋದವರನ್ನು ಹೇಗೆ ಕೂರಿಸುತ್ತಾರೋ ಹಾಗೇ ಕೂತ ನಾನು. ನೆಟ್ಟಗಿನ ಬೆನ್ನು, ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಕಿವಿಯಲ್ಲಿ ಹತ್ತಿಯಂತೆ ಬೆಳ್ಳಗಿನದೇನೋ, ರೆಪ್ಪೆ ಬಡಿಯದ ಕಣ್ಣು. ಒಂದು ವಾರದ ಸಾಧನೆ ಫಲಿಸಿತ್ತು!

ಹಾಡಿಕೊಂಡು ಅಳುವುದರಲ್ಲಿ ಅತ್ತೆಗೆ ಸುತ್ತಲ ಊರುಗಳಲ್ಲಿ ಹೆಸರಿದೆ. ನನ್ನ ಕಾಲ ಮೇಲೆ ಬಿದ್ದವಳೇ ಶುರುಮಾಡಿದಳು. "ಇಮಾನ ಹತ್ತತೀನಿ ಅಂತಿದ್ದ್ಯಲ್ಲೋ ನನ್ನಪ್ಪಾ, ನಡಕೋತನ ಕೈಲಾಸಕ್ಕ ಹೊಂಟ್ಯೇನೋ..."

"ಅತ್ತೀ, ನಾ ಇನ್ನೂ ಅದೀನಿ" ಅಂದೆ, ತುಟಿ ಅಲುಗಿಸದೆ.

ಹೆಣ ಮಾತಾಡಿದ್ದೇ ತಡ, ಇಬ್ಬರು ಹೆಂಗಸರು ಕಿಟಾರನೆ ಕಿರುಚಿ ಹೊರಗೋಡಿದರು. ಹಿರಿಯ ಸಾಹೇಬರು ಕನ್ನಡಕ ತೆಗೆದು, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಮರುಕದಿಂದ ವಿಚಾರಿಸಿದರು. ಹೌದು ಸರ್, ನಾನೇ, ಆದರೆ ಅವರು ತಪ್ಪು ತಿಳಿದಿದ್ದಾರೆ ಎಂದು ಇದ್ದದ್ದನ್ನೆಲ್ಲ ವಿವರಿಸಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಒಳ್ಳೆಯ ಮನುಷ್ಯರು. ಅತ್ತೆಗೆ ನೀರು ಕುಡಿಸಿ, ಸಮಾಧಾನ ಮಾಡಿ ಕಳಿಸುವವರೆಗೆ ಕಾದರು. ಆಮೇಲೆ ಎಲ್ಲಕ್ಕಿಂತ ಸುಲಭದ ಪ್ರಶ್ನೆ ಕೇಳಿದರು. ಪೈಪು ದಿಬ್ಬ ಏರಿ ಇಳಿಯುವಲ್ಲಿ ಏರ್ ವಾಲ್ವ್ ಯಾಕೆ ಹಾಕುತ್ತೀರಿ?

ಇಂಥವನ್ನು ನಾನು ಹಾಕಿಸಿದ್ದಕ್ಕೆ ಲೆಕ್ಕವಿಲ್ಲ. ಆದರೆ ಯಾಕೆ ಎಂದು ಈವರೆಗೆ ಯಾರೂ ಕೇಳಿರಲಿಲ್ಲ! ಬೆವರು ವಿಭೂತಿಯನ್ನು ಕೊಚ್ಚಿಕೊಂಡು ಮೂಗಿಗೆ ಇಳಿಯಿತು. ಕೊನೆಗೆ ಗಂಭೀರವಾಗಿ, "ಎಸ್ಟಿಮೇಟ್‌ನಲ್ಲಿ ಇರುತ್ತದೆ ಸರ್, ಅದಕ್ಕೇ ಹಾಕುತ್ತೇವೆ" ಅಂದೆ. ಸಾಹೇಬರು ಇಬ್ಬರೂ ಒಟ್ಟಿಗೆ ಧನ್ಯವಾದ ಹೇಳಿದರು.

ಕೆಲಸ ಸಿಗಲಿಲ್ಲ. ತಮ್ಮಿಂದಲೇ ಹುಡುಗನ ನಸೀಬು ಕೆಟ್ಟಿತೆಂದು ಓಣಿಗೆ ಓಣಿಯೇ ಮರುಗಿತು. ಈರಪ್ಪ ಕಾಕಾ ತಾನೇ ನೇಯ್ದ ಸೀರೆಯೊಂದನ್ನು ತಂದು ಸುಮಂಗಲಾಳ ಕೈಗಿಟ್ಟ. ಅತ್ತೆ ಡಬ್ಬಿ ತುಂಬ ಹೋಳಿಗೆ ತಂದು ಮತ್ತೆ ಅತ್ತಳು. ಸತ್ಯ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅತ್ತೆ ಅದರೊಳಗೆ ತುಪ್ಪ ಸವರಿದ ಹೋಳಿಗೆ ಇಟ್ಟಳು. ನನಗಾಗಿ ಇಷ್ಟು ಜನ ಅಳುತ್ತಾರೆಂದು ಬದುಕಿರುವಾಗಲೇ ತಿಳಿದದ್ದು, ನಿಜ ಹೇಳುತ್ತೇನೆ, ಬಹಳ ಹಿತವಾಗಿತ್ತು.

ಅಡುಗೆಮನೆಯಿಂದ ನನ್ನ ಉತ್ತರ ಕೇಳಿಸಿಕೊಂಡಿದ್ದವಳು ಸುಮಂಗಲಾ ಒಬ್ಬಳೇ. ಸಂಜೆ ಹೊಸ ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತ ಅಂದಳು, "ಇನ್ನೊಂದ ಕಂಪನಿಗೆ ಲಗೂನ ಅರ್ಜಿ ಹಾಕ್ರಿ. ನಿಮಗ ಕೆಲಸ ಸಿಗೂದು ಸುಳ್ಳ, ನನಗ ಸೀರಿ ಸಿಗೂದು ಖರೇ."

ಮರುದಿನವೇ ಹಾಕಿದೆ!