ನೂರು ಮೋಲ್ ಸುಣ್ಣ

ಪದವಿ ಎಂಬುದು ಮದುವೆಯಲ್ಲಿ ಉಡುಗೊರೆಯಾಗಿ ಬಂದ ಬೆಳ್ಳಿ ತಟ್ಟೆಯ ಹಾಗೆ ಎಂದು ನನಗೆ ಬಹಳ ದಿನ ಅನ್ನಿಸಿತ್ತು. ಮನೆಯಲ್ಲಿದೆ ಎಂಬುದೇ ಗೌರವ. ಅದರಲ್ಲಿ ಯಾರೂ ಊಟ ಮಾಡುವುದಿಲ್ಲ. ನಾನು ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿ, ತಿಪಟೂರಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾದವನು. ಅಲ್ಲಿ ನನ್ನ ವಿದ್ಯೆ ಕೆಲಸಕ್ಕೆ ಬಂದದ್ದು ಒಮ್ಮೆ ಮಾತ್ರ, ಸಹೋದ್ಯೋಗಿಯೊಬ್ಬರ ಅಂಗಿಯ ಮೇಲಿನ ಶಾಯಿ ಕಲೆ ತೆಗೆಯಲು. ಕಲೆ ಹೋಯಿತು, ಜೊತೆಗೆ ಅಂಗಿಯ ಬಣ್ಣವೂ ಹೋಯಿತು. ಇಂಥ ನನಗೆ ತೊಂಬತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ಆ ತಟ್ಟೆಯನ್ನು ತೊಳೆದು ಊಟಕ್ಕೆ ಇಡಬೇಕಾದ ಪ್ರಸಂಗ ಬಂತು. ಯಾವ ವರ್ಷವೆಂಬ ಬಗ್ಗೆ ನಾನೂ ನನ್ನ ಹೆಂಡತಿಯೂ ಇನ್ನೂ ಒಮ್ಮತಕ್ಕೆ ಬಂದಿಲ್ಲ. ನನ್ನ ನೆನಪು ತನಗೆ ಬೇಕಾದದ್ದನ್ನು ಬೇಕಾದ ಜಾಗದಲ್ಲಿ ಇಟ್ಟುಕೊಳ್ಳುವ ಸ್ವಭಾವದ್ದು. ಹಾಗಾಗಿ ವರ್ಷದ ವಿಷಯದಲ್ಲಿ ಅವಳ ಮಾತನ್ನೇ ನಂಬುವುದು ಒಳ್ಳೆಯದು.

ನನ್ನ ಹೆಂಡತಿ ಗಿರಿಜಾ ನೊಣವಿನಕೆರೆಯ ನಮ್ಮ ಮನೆಗೆ ಸೊಸೆಯಾಗಿ ಬರುವಾಗ ಎರಡನೇ ಪಿಯುಸಿಯಲ್ಲಿ ಕೆಮಿಸ್ಟ್ರಿ ಒಂದರಲ್ಲಿ ನಪಾಸಾಗಿದ್ದಳು. ಅದೊಂದನ್ನು ದಾಟಿದರೆ ಟಿ.ಸಿ.ಎಚ್. ತರಬೇತಿಗೆ ಸೇರಿ ಶಾಲೆಯ ಮೇಡಂ ಆಗಬಹುದು ಎಂಬುದು ಅವಳ ಆಸೆ. ಮದುವೆಯಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಕಟ್ಟಿದಳು, ಮತ್ತೆ ಹೋಯಿತು. ಈ ಸಲವೂ ಹೋದರೆ ಪುಸ್ತಕವನ್ನು ಅಟ್ಟದ ಮೇಲೆ ಕೊಬ್ಬರಿಯ ಜೊತೆ ಒಣಗಲು ಹಾಕುತ್ತೇನೆ ಎಂದು ಸಮಾಧಾನವಾಗಿಯೇ ಹೇಳಿದಳು. ಅವಳು ಸಮಾಧಾನವಾಗಿ ಹೇಳಿದ್ದನ್ನು ಮಾಡದೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಸಂಜೆ ಕಚೇರಿಯಿಂದ ಬಂದು ಕಾಫಿ ಕುಡಿದ ಮೇಲೆ ನಾನು ಮೇಷ್ಟ್ರಾಗತೊಡಗಿದೆ.

ಕ್ರಿಯೆಗಳ ವಿಧಗಳಿಂದ ಶುರುಮಾಡಿದೆ. ಸಂಯೋಗ ಎಂದರೆ ಮದುವೆ, ವಿಭಜನೆ ಎಂದರೆ ಅಣ್ಣತಮ್ಮಂದಿರು ಪಾಲಾಗುವುದು ಎಂದೆ. ಅವಳಿಗೆ ಅರ್ಥವಾಯಿತು. ಆ ಉತ್ಸಾಹದಲ್ಲಿ ಸ್ಥಾನಪಲ್ಲಟಕ್ಕೆ ಬಂದು, ಹೆಚ್ಚು ಚುರುಕಾದ ಧಾತು ಬಂದು ಮಂದವಾದದ್ದನ್ನು ಹೊರಗಟ್ಟುತ್ತದೆ, ಅಡುಗೆಮನೆಗೆ ಸೊಸೆ ಬಂದ ಹಾಗೆ ಎಂದುಬಿಟ್ಟೆ. ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆ ಎತ್ತದೆ, "ನಾನಿನ್ನೂ ಇಲ್ಲೇ ಇವ್ನಿ ಕಣಪ್ಪ" ಎಂದರು. ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಮೋಲ್ ಎಂಬುದು ಬಂದಾಗ ನನಗೇ ದಿಗಿಲು. ಆರರ ಮುಂದೆ ಇಪ್ಪತ್ತಮೂರು ಸೊನ್ನೆ. ಕಾಲೇಜಿನಲ್ಲಿ ಅದನ್ನು ನಾನು ಮನೆ ನಂಬರಿನ ಹಾಗೆ ಉರು ಹೊಡೆದಿದ್ದೆನೇ ಹೊರತು ಅದರೊಳಗೆ ಯಾವತ್ತೂ ಕಾಲಿಟ್ಟಿರಲಿಲ್ಲ. ಗಿರಿಜಾಗೆ ತಿಳಿಯುವ ಹಾಗೆ ಹೇಳಲು ತೆಂಗಿನಕಾಯಿಯ ಲೆಕ್ಕ ಹಿಡಿದು ಕೂತೆ. ಒಂದು ಮೋಲ್ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಗುಡ್ಡೆ ಹಾಕಿದರೆ ಎಷ್ಟಾದೀತು? ಮೊದಲು ತಿಪಟೂರು ತುಂಬೀತು ಅಂದುಕೊಂಡೆ. ಗುಣಾಕಾರ ಮುಂದುವರಿದಂತೆ ರಾಜ್ಯ ಹೋಯಿತು, ದೇಶ ಹೋಯಿತು, ಕೊನೆಗೆ ಎರಡು ಭೂಮಿಗಳಷ್ಟು ದೊಡ್ಡ ರಾಶಿ ಬಂತು. ತಪ್ಪಾಗಿರಬೇಕೆಂದು ಮತ್ತೆ ಮಾಡಿದೆ. ಮತ್ತೆ ಸುಮಾರು ಎರಡು ಭೂಮಿ. ಇನ್ನು ಅಷ್ಟೇ ಸಂಖ್ಯೆಯ ನೀರಿನ ಅಣುಗಳು ಬೇಕೆಂದರೆ? ಹದಿನೆಂಟು ಗ್ರಾಂ. ಎಳನೀರು ಕುಡಿಯುವಾಗ ಒಂದು ಸಲ ಗುಟುಕರಿಸಿದಷ್ಟು. ನಾನು ಲೋಟದಲ್ಲಿ ಅಷ್ಟು ನೀರು ಹಿಡಿದು ಕೂತೆ. ಕುಡಿಯಲು ಧೈರ್ಯ ಬರಲಿಲ್ಲ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅದ್ನ ಎಣಿಸ್ದೋನು ಯಾವನ್ಲಾ?"

ನ್ಯಾಯವಾದ ಪ್ರಶ್ನೆ. ಅಮ್ಮ ತೋಟದಲ್ಲಿ ಕಾಯಿಯನ್ನು ಕೈಗೊಂದರಂತೆ ಜೋಡಿ ಜೋಡಿಯಾಗಿ ಎಸೆದು ಎಣಿಸುವವರು. ಆದರೆ ಅದೇ ಕಾಯಿ ಕೊಬ್ಬರಿಯಾದ ಮೇಲೆ ಅದಕ್ಕೆ ಎಣಿಕೆಯಿಲ್ಲ, ತೂಕ. ಸಾಸಿವೆಯನ್ನಂತೂ ಯಾರೂ ಎಣಿಸುವುದಿಲ್ಲ. ಎಣಿಸಲಾರದಷ್ಟು ಸಣ್ಣದನ್ನು ತೂಗಿಯೇ ಎಣಿಸಿದಂತೆ ಮಾಡುವುದು ಈ ಮೋಲ್ ಎಂದೆ. ನೀರಾದರೆ ಹದಿನೆಂಟು ಗ್ರಾಂ, ಸುಟ್ಟ ಸುಣ್ಣವಾದರೆ ಐವತ್ತಾರು, ಒಳಗಿನ ಎಣಿಕೆ ಒಂದೇ. ಗಿರಿಜಾ ಕೇಳಿದಳು: "ನೂರು ಕಾಯಿಗೆ ಕೊಸರು ಅಂತ ಮೇಲೆ ಹಾಕ್ತಾರಲ್ಲ, ಹಂಗೆ ಒಂದ್ ಮೋಲ್‌ಗೆ ಎಷ್ಟು ಕೊಸರು ಕಣ್ರೀ?"

ನಾನು ನಕ್ಕೆ. ಆಮೇಲೆ ನಗು ನಿಂತಿತು. ನಮ್ಮ ಸೀಮೆಯಲ್ಲಿ ಕೊಸರಿಲ್ಲದೆ ಕಾಯಿ, ಬಾಳೆಹಣ್ಣು, ಮಲ್ಲಿಗೆಮೊಗ್ಗು ಯಾವುದೂ ಕೈ ಬದಲಾಗುವುದಿಲ್ಲ. ಆದರೆ ಅಣುಗಳ ಸಂತೆಯಲ್ಲಿ ಕೊಸರಿಲ್ಲ. ಇಷ್ಟಕ್ಕೆ ಇಷ್ಟು, ಹೆಚ್ಚಿಗೆ ಹಾಕಿದ್ದು ಹಾಗೇ ಹೊರಗೆ ನಿಂತಿರುತ್ತದೆ, ಮುಲಾಜಿಲ್ಲ. ಕಣ್ಣಿಗೆ ಕಾಣದ, ಯಾರೂ ಕಾವಲಿಲ್ಲದ ಜಾಗದಲ್ಲಿ ಇಷ್ಟೊಂದು ಪ್ರಾಮಾಣಿಕತೆ ಇದೆಯೆಂದು ನೆನೆದು ನನಗೆ ರೋಮಾಂಚನವಾಯಿತು. ಇದನ್ನು ಕಣ್ಣಿಗೆ ಕಾಣಿಸಿಯೇ ತೀರುತ್ತೇನೆ ಎಂದೆ. ಗೌರಿ ಹಬ್ಬ ಹತ್ತಿರ ಬಂದಿತ್ತು. ಮನೆಗೆ ಸುಣ್ಣ ಹೊಡೆಯಬೇಕಿತ್ತು.

ತಿಪಟೂರಿನ ಅಂಗಡಿಯಲ್ಲಿ ಐದು ಕಿಲೋ ಆರುನೂರು ಗ್ರಾಂ ಸುಟ್ಟ ಸುಣ್ಣದ ಕಲ್ಲು ಕೇಳಿದೆ. ನೂರು ಮೋಲ್ ಎಂದು ಅವನಿಗೆ ಹೇಳಲಿಲ್ಲ. ಅಂಗಡಿಯವನು ತೂಗಿ, ರೂಢಿಯಂತೆ ಮೇಲೊಂದು ಕಲ್ಲು ಕೊಸರು ಹಾಕಿದ. ನಾನು ಅದನ್ನು ತೆಗೆದು ವಾಪಸು ಕೊಟ್ಟೆ. ಅವನು ಮತ್ತೆ ಹಾಕಿದ, ನಾನು ಮತ್ತೆ ತೆಗೆದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಕೊಸರಿಗಾಗಿ ಜಗಳವಾಡಿದವರನ್ನು ಅವರು ದಿನವೂ ಕಂಡಿದ್ದರು, ಬೇಡವೆಂದು ಜಗಳವಾಡುವವನನ್ನು ಕಂಡಿರಲಿಲ್ಲ. "ಮನೇಲಿ ಎಲ್ಲಾ ಚೆನ್ನಾಗವ್ರಾ ಸಾರ್?" ಎಂದು ಅಂಗಡಿಯವನು ಮೆಲ್ಲಗೆ ವಿಚಾರಿಸಿಕೊಂಡ.

ಭಾನುವಾರ ಹಿತ್ತಲಿನಲ್ಲಿ ಕಲ್ಲನ್ನು ಮಣ್ಣಿನ ಬಾನಿಯಲ್ಲಿ ಹಾಕಿ, ಅಳೆದ ಒಂದು ಲೀಟರು ಎಂಟುನೂರು ಮಿಲಿ ನೀರು ಸುರಿದೆ. ಇದೂ ನೂರು ಮೋಲ್. ಕ್ಷಣಕಾಲ ಏನೂ ಇಲ್ಲ. ಆಮೇಲೆ ಕಲ್ಲು ಸಣ್ಣಗೆ ಸಿಡುಕಿತು, ಬಿರುಕು ಬಿಟ್ಟಿತು, ಬುಸುಗುಟ್ಟಿತು. ಒಲೆಯಿಲ್ಲದೆ, ಸೌದೆಯಿಲ್ಲದೆ ನೀರು ಕುದಿದು ಆವಿ ಎದ್ದಿತು. ಕಲ್ಲುಗಳು ಪಕಳೆ ಪಕಳೆಯಾಗಿ ತೆರೆದು ಬಿಳಿ ಹಿಟ್ಟಾದವು. ಇದನ್ನು ಅರಳಿದ ಸುಣ್ಣ ಎಂದು ಕರೆದವನು ನಿಂತು ನೋಡಿಯೇ ಕರೆದಿರಬೇಕು. ಗಿರಿಜಾ ದೂರದಿಂದಲೇ ಕೈ ಚಾಚಿ ಕಾವು ನೋಡಿ, ಇಷ್ಟು ಬೆಂಕಿ ಇಷ್ಟು ದಿನ ಎಲ್ಲಿತ್ತು ಎಂದಳು. ಭಟ್ಟಿಯಲ್ಲಿ ಸುಡುವಾಗ ಕಲ್ಲು ನುಂಗಿಕೊಂಡದ್ದರ ಒಂದಷ್ಟನ್ನು ಈಗ ನಮ್ಮ ಹಿತ್ತಲಿನಲ್ಲಿ ಬಿಚ್ಚುತ್ತಿದೆ ಎಂದೆ. ನೀರು ಸಾಲದೇನೋ ಎಂದು ಅಮ್ಮ ಒಂದು ಚೊಂಬು ಎತ್ತಿಕೊಂಡು ಬಂದರು. ಒಂದು ಹನಿಯೂ ಬೇಡ ಎಂದು ತಡೆದೆ. ಆವಿ ನಿಂತ ಮೇಲೆ ಹಿಟ್ಟನ್ನು ಜರಡಿ ಹಿಡಿದು, ನೀರಲ್ಲಿ ಕದಡಿ, ನೀಲಿ ಬೆರೆಸಿ ಅವತ್ತೇ ಗೋಡೆಗೆ ಹೊಡೆದೆ.

ಹಬ್ಬದ ದಿನ ಗೋಡೆ ಮಾತಾಡತೊಡಗಿತು. ಚಿಟ್ ಎಂದು ಒಂದು ಕಡೆ ಚಕ್ಕೆ ಹಾರಿತು, ಇನ್ನೊಂದು ಕಡೆ ಬೊಬ್ಬೆ ಎದ್ದಿತು. ಪಾಯಸದ ಎಲೆಗೆ ಒಂದು ಚೂರು ಬಿತ್ತು. ಅಮ್ಮ ಗೋಡೆ ಸವರಿ ನೋಡಿ, "ಗೋಡೆಗೆ ಸಿಡುಬು ಎದ್ದೈತೆ ಕಣ್ಲಾ" ಎಂದರು. ಬಂದಿದ್ದ ನೆಂಟರು ಅದನ್ನು ಊರಿಗೆಲ್ಲ ಹಂಚಿದರು. ನಗೆ ನನಗೆ ಅಭ್ಯಾಸ. ಆದರೆ ಗಿರಿಜಾ ಅವತ್ತಿನಿಂದ ಪುಸ್ತಕ ಮುಟ್ಟಲಿಲ್ಲ. ಪರೀಕ್ಷೆ ಹತ್ತಿರವಾಗುತ್ತಿತ್ತು. ಲೆಕ್ಕವೇ ಸುಳ್ಳಾದ ಮೇಲೆ ಉರು ಹೊಡೆದು ಏನು ಸುಖ ಎಂದಳು, ಅದೇ ಸಮಾಧಾನದ ದನಿಯಲ್ಲಿ. ಆ ಪ್ರಾಮಾಣಿಕ ಸಂತೆ ನನ್ನ ಮನೆಯ ಗೋಡೆಯ ಮೇಲೇ ಸುಳ್ಳು ಹೇಳಿತೇ?

ಎರಡು ಮೂರು ದಿನದ ಮೇಲೆ ಅವಳು ಸೊಪ್ಪು ಸೋಸುತ್ತಾ, "ಆವತ್ತು ಅಷ್ಟೊಂದು ಆವಿ ಹೋಯ್ತಲ್ರೀ, ಅದು ಯಾರ ಪಾಲಿನ ನೀರು?" ಎಂದಳು. ಅಥವಾ ನಾನೇ ಹಾಗೆಂದೆನೋ. ನನ್ನ ನೆನಪಿನಲ್ಲಿ ಆ ಮಾತು ಬಹಳ ಕಾಲ ನನ್ನ ದನಿಯಲ್ಲೇ ಕೇಳಿಸುತ್ತಿತ್ತು, ಈಗ ಸಂಶಯ. ಯಾರೇ ಅಂದಿರಲಿ, ಉತ್ತರ ಅಲ್ಲೇ ಇತ್ತು. ಲೆಕ್ಕ ಸರಿಯಾಗಿತ್ತು. ನೂರಕ್ಕೆ ನೂರು ಸಾಕಿತ್ತು. ಆದರೆ ಸುಣ್ಣ ತನ್ನ ಕಾವಿಗೆ ತನ್ನ ಪಾಲಿನ ನೀರನ್ನೇ ಹಾರಿಸಿಬಿಟ್ಟಿತ್ತು. ಆಮೇಲೆ ಕದಡಿದ ನೀರು ಒಳಗಿಳಿಯುವ ಮೊದಲೇ ಕೆಲವು ಹರಳುಗಳು ಬಾಯಾರಿಕೊಂಡೇ ಗೋಡೆ ಹತ್ತಿದ್ದವು. ಅಲ್ಲಿ ಗಾಳಿಯ ತೇವ ಕುಡಿದು ತಡವಾಗಿ ಅರಳಿದ್ದವು. ಸಂಖ್ಯೆ ತನ್ನ ಮಾತನ್ನು ಗೋಡೆಯ ಮೇಲೂ ಉಳಿಸಿಕೊಂಡಿತ್ತು. ನಾವಿಬ್ಬರೂ ಎದ್ದುಹೋಗಿ ಬೊಬ್ಬೆಗಳನ್ನು ದೇವರ ಪಟ ನೋಡಿದ ಹಾಗೆ ನೋಡಿದೆವು. ಅವಳು ಅವತ್ತೇ ಪುಸ್ತಕ ತೆಗೆದಳು.

ಪರೀಕ್ಷೆ ಮುಗಿಸಿ ಬಂದವಳ ಮುಖ ಸಪ್ಪಗಿತ್ತು. ಐವತ್ತಾರು ಗ್ರಾಂ ಸುಟ್ಟ ಸುಣ್ಣಕ್ಕೆ ಎಷ್ಟು ನೀರು ಎಂದೇ ಕೇಳಿದ್ದರಂತೆ. ಹದಿನೆಂಟು ಎಂದು ಇಂಗ್ಲಿಷಿನಲ್ಲಿ ಬರೆದು, ತಡೆಯಲಾರದೆ ಕೆಳಗೆ ಕನ್ನಡದಲ್ಲಿ, "ಆದರೆ ಆವಿಯಾಗುವುದಕ್ಕೂ ಸೇರಿಸಿ ಹಾಕಬೇಕು, ಇಲ್ಲದಿದ್ದರೆ ಹಬ್ಬದ ದಿನ ಗೋಡೆ ಸಿಡಿಯುತ್ತದೆ" ಎಂದು ಬರೆದಿದ್ದಳಂತೆ. ಫಲಿತಾಂಶ ಬರುವತನಕ ಆ ಒಂದು ಸಾಲು ನಮ್ಮ ನಿದ್ದೆ ತಿಂದಿತು. ಪಾಸಾದಳು. ನಾನು ಕಚೇರಿಯಲ್ಲಿ, ಬಸ್ಸಿನಲ್ಲಿ, ಸುಣ್ಣದ ಅಂಗಡಿಯಲ್ಲೂ ಆ ಸಾಲನ್ನು ಹೇಳಿಕೊಂಡು ತಿರುಗಿದೆ. ಮೌಲ್ಯಮಾಪಕರು ಬೆರಗಾಗಿ ಅಂಕ ಸುರಿದಿರಬೇಕು ಎಂದೆ.

ಅವಳು ತರಬೇತಿಗೆ ಸೇರುವ ಹಿಂದಿನ ದಿನ ಟ್ರಂಕು ತುಂಬುತ್ತಾ ಹೇಳಿದಳು: "ಆ ಸಾಲು ಹೊಡ್ದು ಹಾಕ್ಬುಟ್ಟಿದ್ದೆ ಕಣ್ರೀ, ಭಯ ಆಯ್ತು. ಒಂದೇ ಗೆರೆ ಎಳ್ದೆ. ಓದೋರಿಗೆ ಕಾಣ್ಲಿ ಅಂತ ತೆಳ್ಳಗೆ."

ಪದವಿಯವರೆಗಿನ ನನ್ನ ಉತ್ತರ ಪತ್ರಿಕೆಗಳಲ್ಲೆಲ್ಲ ಅಂಥ ಗೆರೆ ಒಂದೂ ಇರಲಾರದು. ಹೊಡೆದು ಹಾಕುವಂಥದ್ದನ್ನು ನಾನು ಏನೂ ಬರೆದಿರಲಿಲ್ಲ.