ಪರದೆಯಾಚೆಯ ಬೆಂದ ತತ್ತಿ

ಆಗಸ್ಟ್ ಹನ್ನೆರಡು, ಮಂಗಳವಾರ, ಮುಂಜಾನೆ ಹತ್ತೂವರೆ. ಸ್ಥಳ, ಖಾನಾಪುರದಲ್ಲಿ ಗಾವಡೆ ಮಾಸ್ತರನ ಮನೆಯ ಪಡಸಾಲೆ. ಹಾಜರಿದ್ದವರು: ಮಂಚದ ಮೇಲೆ ಗಾವಡೆ, ಮಂಚದ ಬಾಜೂಕ್ಕೆ ಅವನ ಹೆಂಡತಿ ಸುಮನ್ ವೈನಿ, ಸ್ಟೂಲಿನ ಮೇಲೆ ನಿಂತು ಹಗ್ಗ ಕಟ್ಟುತ್ತಿದ್ದ ನಾನು. ಗೈರುಹಾಜರು: ಗಾವಡೆಯ ಮಾತು. ಅದು ರಜೆಯ ಅರ್ಜಿ ಕೊಡದೆ ಹೋಗಿತ್ತು, ಯಾವಾಗ ಬರುವುದೆಂದು ಯಾರಿಗೂ ತಿಳಿಸಿರಲಿಲ್ಲ.

ಹೀಗೆ ಬರೆಯುವುದು ನನ್ನ ಚಟ. ಶಾಲೆಯಲ್ಲಿದ್ದಷ್ಟು ಕಾಲವೂ ಶಿಕ್ಷಕರ ಸಭೆಯ ನಡಾವಳಿ ಬರೆದವನು ನಾನೇ. ನಿವೃತ್ತನಾಗಿ ಬೆಳಗಾವಿಯ ಹಿಂದವಾಡಿಗೆ ಬಂದು ಕುಳಿತ ಮೇಲೂ ಅದು ಬಿಟ್ಟಿಲ್ಲ. ಶಿಸ್ತಿನ ಮನುಷ್ಯನ ಹಣೆಬರಹ ಇಷ್ಟೇ. ದುಃಖ ಬಂದರೆ ಅದಕ್ಕೂ ಒಂದು ಪೀರಿಯಡ್ ಹಾಕಿಕೊಡುತ್ತಾನೆ. ಗಾವಡೆಗೆ ಲಕ್ವಾ ಹೊಡೆದ ಸುದ್ದಿ ಬಂದಾಗ ನಾನು ವಾಕಿಂಗಿಗೆ ಬೂಟು ಹಾಕಿಕೊಳ್ಳುತ್ತಿದ್ದೆ. ಬೂಟು ಹಾಕಿಕೊಂಡೆ, ವಾಕಿಂಗ್ ಮುಗಿಸಿದೆ, ಆಮೇಲೆ ಆಸ್ಪತ್ರೆಗೆ ಹೋದೆ. "ನಿಮ್ಮ ಎದೀ ಕಲ್ಲ ಐತೇನ್ರಿ?" ಎಂದು ನಮ್ಮಾಕಿ ಕೇಳಿದಳು. ವಾಕಿಂಗಿನಲ್ಲಿ ಯಾವ ರಸ್ತೆಯಲ್ಲಿ ನಡೆದೆನೆಂದು ನನಗೆ ಇವತ್ತಿಗೂ ನೆನಪಿಲ್ಲ ಎಂಬುದನ್ನು ಅವಳಿಗೆ ಹೇಳಿಲ್ಲ.

ಗಾವಡೆಯ ವಿಷಯ ಹೇಳಬೇಕಾದರೆ ಹಲಗೆಯ ಗೋಡೆಯಿಂದ ಶುರು ಮಾಡಬೇಕು. ಖಾನಾಪುರದ ನಮ್ಮ ಶಾಲೆಯಲ್ಲಿ ಒಂದು ಉದ್ದನೆಯ ಖೋಲಿ ಇತ್ತು. ಅದನ್ನು ನಡುವೆ ಹಲಗೆ ಹೊಡೆದು ಎರಡು ಮಾಡಿದ್ದರು. ಈಚೆ ಕನ್ನಡ ಮಾಧ್ಯಮದ ಎಂಟನೆಯ ತರಗತಿ, ಆಚೆ ಮರಾಠಿ ಮಾಧ್ಯಮದ ಎಂಟನೆಯ ತರಗತಿ. ಹಲಗೆ ಛಾವಣಿಯತನಕ ಹೋಗಿರಲಿಲ್ಲ. ಆಚೆಯವರ ಕೆಮ್ಮು ಈಚೆ, ಈಚೆಯವರ ಏಟು ಆಚೆ ಕೇಳುತ್ತಿತ್ತು. ಎರಡೂ ಕಡೆ ಮಧ್ಯಾಹ್ನದ ಊಟದ ನಂತರದ ಪೀರಿಯಡ್ ಇಂಗ್ಲಿಷ್. ಇಂಗ್ಲಿಷ್ ಇಬ್ಬರಿಗೂ ಸೇರಿದ್ದಲ್ಲವಾದ್ದರಿಂದ ಅದಕ್ಕಾಗಿ ಜಗಳ ಬರುವ ಭಯವಿರಲಿಲ್ಲ. ಉಂಡ ಮಕ್ಕಳು ತೂಕಡಿಸಬಾರದೆಂದು ನಾನೂ ಗಾವಡೆಯೂ ಒಂದು ಜಂಟಿ ಪಾಠ ಹುಟ್ಟುಹಾಕಿದೆವು.

ಪಾಠ ಬಹಳ ಸರಳ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಒಂದು ಬಾಲ ಹಚ್ಚಿದರೆ ಅದು ವಿಶೇಷಣವಾಗಿ ನಾಮಪದದ ಮುಂದೆ ಹೋಗಿ ನಿಲ್ಲುತ್ತದೆ. ಕೆಲಸ ಇನ್ನೂ ನಡೆದಿದ್ದರೆ 'ಇಂಗ್' ಬಾಲ, ಮುಗಿದಿದ್ದರೆ 'ಎಡ್' ಬಾಲ. ಒಲೆಯ ಮೇಲೆ ಕುದಿಯುವ ನೀರು ಬಾಯ್ಲಿಂಗ್ ವಾಟರ್, ಬೆಂದು ಕೆಳಗಿಳಿದ ತತ್ತಿ ಬಾಯ್ಲ್ಡ್ ಎಗ್. ನಾನು ಸೀನಿಯರ್ ಆದ್ದರಿಂದ ಮೊದಲು ಆರಿಸಿಕೊಂಡು, ನಡೆಯುತ್ತಿರುವುದನ್ನೆಲ್ಲ ನನ್ನ ತರಗತಿಗೆ ಇಟ್ಟುಕೊಂಡೆ. ಮುಗಿದದ್ದೆಲ್ಲ ಗಾವಡೆಯ ಪಾಲಿಗೆ ಹೋಯಿತು. ನಾನು ಈಚೆಯಿಂದ "ಬಾಯ್ಲ್" ಎಂದು ಕೂಗುವುದು. ನನ್ನ ಮಕ್ಕಳು "ಬಾಯ್ಲಿಂಗ್ ವಾಟರ್" ಎನ್ನುವುದು. ಹಲಗೆಯಾಚೆಯಿಂದ ಗಾವಡೆಯೂ ಅವನ ಮಕ್ಕಳೂ ಒಂದೇ ಉಸಿರಿಗೆ "ಬಾಯ್ಲ್ಡ್ ಎಗ್" ಎನ್ನುವುದು. ನಾನು ಲಿಂಗ ಕಟ್ಟಿದವನು, ಗಾವಡೆ ತುಳಸಿಮಾಲೆ ಹಾಕಿ ಪಂಢರಪುರಕ್ಕೆ ನಡೆಯುವ ವಾರಕರಿ. ತತ್ತಿ ಮುಟ್ಟದ ಇಬ್ಬರು ಮಾಸ್ತರರು ಜೀವಮಾನವಿಡೀ ಊಟವಾದ ಕೂಡಲೇ ತತ್ತಿಯ ಹೆಸರು ಕೂಗಿದೆವು.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು ನನ್ನ ಕುರ್ಚಿಯ ಮೇಲೆ ಕುಳಿತರು. ಕುರ್ಚಿಯ ಕಾಲು ಲಟಲಟ ಎಂದಿತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಕ್ಕಳು "ಬ್ರೇಕಿಂಗ್ ಚೇರ್" ಎಂದರು. ಸಾಹೇಬರು ನೆಲ ಕಂಡರು. ಏನಾಯಿತೆಂದು ನೋಡಲಾಗದ ಆಚೆಯ ತರಗತಿ, ರೂಢಿಯಂತೆ, "ಬ್ರೋಕನ್ ಚೇರ್" ಎಂದಿತು. ಸಾಹೇಬರು ಷರಾ ಬರೆದರು: ಮಕ್ಕಳು ಚುರುಕಾಗಿದ್ದಾರೆ, ಪೀಠೋಪಕರಣಗಳತ್ತ ಗಮನ ಕೊಡುವುದು.

ಗಾವಡೆಗೆ ಇನ್ನೊಂದು ರೂಢಿ ಇತ್ತು. ಅವನ ಮಕ್ಕಳು ಉಚ್ಚಾರ ತಪ್ಪಿದರೆ ಸಿಟ್ಟು ಮಾಡುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. ಮೆಲ್ಲಗೆ "ಪುನ್ಹಾ" ಎನ್ನುತ್ತಿದ್ದ, ಅಂದರೆ ಮತ್ತೊಮ್ಮೆ. ಸರಿಯಾಗುವತನಕ ಪುನ್ಹಾ, ಪುನ್ಹಾ.

ಈಗ ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ಬರೋಣ. ಗಾವಡೆಯ ಬಲಗೈ, ಬಲಗಾಲು, ಮಾತು ಮೂರೂ ಒಮ್ಮೆಲೇ ಹೋಗಿದ್ದವು. ಕಣ್ಣು ಬಿಡುತ್ತಿದ್ದ, ನುಂಗುತ್ತಿದ್ದ, ಅಷ್ಟೇ. ನಮ್ಮನ್ನು ಗುರುತಿಸುತ್ತಾನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಾತು ಕಲಿಸುವ ಡಾಕ್ಟರ್‌ಬಾಯಿ ಒಬ್ಬರು ಬಂದು, "ಅವರಿಗೆ ಬಾಯಿಪಾಠ ಇದ್ದದ್ದು ಏನರ ಇದ್ರ ಹೇಳಸ್ರಿ ಸರ್. ಅದು ಬ್ಯಾರೆ ದಾರೀಲೆ ಬರ್ತೈತಿ" ಎಂದರು. ವೈನಿ ವಾರದ ಹೆಸರು ಹೇಳಿದರು, ಅಭಂಗ ಹೇಳಿದರು. ನಾನು ಎದುರಿಗೆ ಕುಳಿತು, ಅವನ ಮುಖ ನೋಡುತ್ತ, "ಬಾಯ್ಲ್, ಬ್ರೇಕ್, ಬರ್ನ್" ಎಂದೆ. ಗಾವಡೆ ನನ್ನನ್ನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುವಂತೆ ನೋಡಿದ.

"ಭಾವೂಜಿ, ನನಗ ಭಾಳ ಏನ ಬ್ಯಾಡ್ರಿ," ಎಂದರು ವೈನಿ. "ನಾ ಅದೀನಿ ಅಂತ ಗೊತ್ತಾಗಿ ಒಂದ ಮಾತ ಆಡಿದ್ರ ಸಾಕು. ಬೈದ್ರೂ ನಡೀತದ."

ಒಂದು ದಿನ ನರ್ಸ್ ಬಂದು ಅವನ ಮೈ ಒರೆಸಲು ಮಂಚದ ಸುತ್ತ ಹಸಿರು ಪರದೆ ಎಳೆದಳು. "ಅಜ್ಜಾರ, ನೀವು ಹೊರಗ ನಿಂದರ್ರಿ" ಎಂದಳು. ನನ್ನ ಪೀರಿಯಡ್ ಹಾಳಾಯಿತಲ್ಲ ಎಂಬ ಸಿಟ್ಟಿನಲ್ಲಿ ಪರದೆಯಾಚೆ ನಿಂತು, ಯಾರಿಗೂ ಅಲ್ಲದೆ, ಹಳೆಯ ದನಿಯಲ್ಲಿ "ಬಾಯ್ಲ್" ಎಂದೆ.

ಒಳಗಿನಿಂದ, ನಾಲಿಗೆ ತೊಡರಿದರೂ ಗುರುತು ಸಿಗುವ ದನಿಯಲ್ಲಿ, "ಬಾಯ್ಲ್ಡ್ ಎಗ್" ಎಂದು ಬಂತು.

ನರ್ಸ್ ಪರದೆಯಿಂದ ತಲೆ ಹೊರಹಾಕಿ, "ಇವರು ತತ್ತಿ ಕೇಳಾಕತ್ತಾರ್ರೀ, ಡಯಟ್‌ನ್ಯಾಗ ಐತೇನು?" ಎಂದಳು. ವೈನಿಗೆ ಅಳು ಬರಬೇಕಿತ್ತು. ಅವರು ನನ್ನ ಕಡೆಗೆ ತಿರುಗಿ ದನಿ ತಗ್ಗಿಸಿ, "ಖರೇ ಹೇಳ್ರಿ ಭಾವೂಜಿ, ನೀವಿಬ್ರೂ ಹೊರಗ ತಿಂತಿದ್ರೇನು?" ಎಂದರು.

ಆಮೇಲೆ ನನಗೆ ತಿಳಿಯಿತು. ಮೂವತ್ತು ವರ್ಷ ಈ ಪಾಠ ಮಾಡುವಾಗ ನಾವು ಒಬ್ಬರ ಮುಖ ಒಬ್ಬರು ನೋಡಿಯೇ ಇರಲಿಲ್ಲ. ಅವನಿಗೆ ನನ್ನ ದನಿ ಬರಬೇಕಾದದ್ದು ಹಲಗೆಯಾಚೆಯಿಂದ. ಎದುರು ಕುಳಿತ ಮುದುಕನಿಗೂ ಆ ಪಾಠಕ್ಕೂ ಅವನ ಮಟ್ಟಿಗೆ ಸಂಬಂಧವೇ ಇರಲಿಲ್ಲ. ಪರದೆ ಸರಿಸಿದರೆ ಮೌನ, ಎಳೆದರೆ ಉತ್ತರ. ಡಾಕ್ಟರ್‌ಬಾಯಿ ಸಂತೋಷಪಟ್ಟರು, ಆದರೆ ಸುಳ್ಳು ಹೇಳಲಿಲ್ಲ. "ಇದು ಮಾತಲ್ಲ ಸರ್, ಬಾಯಿಪಾಠ. ಮುಂದ ಮಾತಾಗಬಹುದು, ಆಗದೇನೂ ಇರಬಹುದು." ಮುಗಿದದ್ದನ್ನೆಲ್ಲ ಅವನ ಪಾಲಿಗೆ ಹಾಕಿದವನು ನಾನೇ ಎಂಬುದು ಆ ರಾತ್ರಿ ಊಟದ ಹೊತ್ತಿಗೆ ನೆನಪಾಗಿ, ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಅವನನ್ನು ಮನೆಗೆ ಕಳಿಸಿದರು. ಅದಕ್ಕೇ ನಾನು ಮಂಗಳವಾರ ಖಾನಾಪುರದಲ್ಲಿ ಸ್ಟೂಲಿನ ಮೇಲೆ ನಿಂತು ಹಗ್ಗ ಕಟ್ಟುತ್ತಿದ್ದುದು. ವೈನಿಯ ಹಳೆಯ ಇಳಕಲ್ ಸೀರೆ ಪರದೆಯಾಯಿತು. ನಾನು ಆಚೆ ನಿಂತು ಪಾಠ ತೆಗೆದುಕೊಂಡೆ. ಬರ್ನ್ ಎಂದರೆ ಬರ್ನ್ಟ್ ರೊಟ್ಟಿ, ಕ್ಲೋಸ್ ಎಂದರೆ ಕ್ಲೋಸ್ಡ್ ಡೋರ್. ಎಲ್ಲ ಬಂತು. ಆದರೆ ನಾನು ದಿನಾಲು ಬೆಳಗಾವಿಯಿಂದ ಬರುವುದು ಆಗದ ಮಾತು. ನಾಳೆಯಿಂದ ತರಗತಿ ವೈನಿಯದೇ. ಅಡುಗೆಮನೆಯಲ್ಲಿ ಅವರನ್ನು ಕೂಡಿಸಿಕೊಂಡು ಬಾಲಗಳ ವಿಷಯ ವಿವರಿಸಿದೆ.

"ಹಂಗಂದ್ರ ಉಕ್ಕೂ ಹಾಲು, ಉಕ್ಕಿದ ಹಾಲು. ಇಷ್ಟ ಅಲ್ಲೇನ್ರಿ?"

"ಇಷ್ಟ."

"ಇದಕ್ಕ ಇಬ್ಬರಿಗೆ ಪಗಾರ ಕೊಡತಿದ್ರು?"

ಆಮೇಲೆ ಅವರು ಸೆರಗು ಸಿಕ್ಕಿಸಿ ಸೀರೆಯಾಚೆ ನಿಂತು, ಗಂಟಲು ಸರಿಮಾಡಿಕೊಂಡು, "ಬೋಯಲಾ" ಎಂದರು.

ಆ ಶಬ್ದಕ್ಕೆ ಅಂಥ ಗತಿ ಬಂದದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ. ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಚದಿಂದ, ಮೆಲ್ಲಗೆ, "ಪುನ್ಹಾ" ಎಂದು ಬಂತು.

ವೈನಿ ನನ್ನತ್ತ ನೋಡಿದರು. ಮತ್ತೆ "ಬೋಯಲಾ" ಎಂದರು. "ಪುನ್ಹಾ." ಮೂರನೆಯ ಸಲಕ್ಕೆ ನಾನು ಸರಿಯಾದ ಉಚ್ಚಾರವನ್ನು ತುಟಿಯಲ್ಲಿ ತೋರಿಸಿದೆ. ಅವರು ನನ್ನ ತುಟಿ ನೋಡಿ, ಚೆನ್ನಾಗಿ ತಿಳಿದುಕೊಂಡು, ಬೇಕೆಂತಲೇ "ಬೋಯಲಾ" ಎಂದರು. ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ನಾನು ಅಂಗಳಕ್ಕೆ ಹೋಗಿ ಡಾಕ್ಟರ್‌ಬಾಯಿಗೆ ಫೋನ್ ಮಾಡಿದೆ. ಅವರು, "ಆ ಶಬ್ದಾನೂ ಮಕ್ಕಳಿಗೆ ಹೇಳಿ ಹೇಳಿ ಬಾಯಿಪಾಠ ಆಗಿದ್ದ ಇರಬಹುದು ಸರ್. ತಪ್ಪು ಕೇಳಿದ ಕೂಡಲೆ ತಾನ ಬರ್ತಿರಬಹುದು" ಎಂದರು. ಸರಿಯಾದ ಮಾತು. ಇದನ್ನು ವೈನಿಗೆ ಹೇಳುವುದು ನನ್ನ ಕರ್ತವ್ಯ. ಆದರೆ ಪರೀಕ್ಷೆ ಮಾಡದೆ ಫಲಿತಾಂಶ ಹೇಳುವುದು ನನ್ನ ಪದ್ಧತಿಯಲ್ಲ.

ವೈನಿ ಚಹಾ ಮಾಡಲು ಒಳಗೆ ಹೋದಾಗ ನಾನು ಸೀರೆಯಾಚೆ ನಿಂತೆ. ಇಂಗ್ಲಿಷ್ ಮಾಸ್ತರನಾಗಿ ಹೊಟ್ಟೆ ಹೊರೆದವನು, ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಬೋಯಲಾ" ಎಂದೆ.

"ಬಾಯ್ಲ್ಡ್ ಎಗ್" ಎಂದ ಗಾವಡೆ.

ಇನ್ನೊಮ್ಮೆ, ಇನ್ನೂ ಕೆಟ್ಟದಾಗಿ ಅಂದೆ. ಅದೇ ಉತ್ತರ, ಅದೇ ಮರ್ಯಾದೆ. ಬರೀ ಬಾಯಿಪಾಠವಾಗಿದ್ದರೆ ನನ್ನ ತಪ್ಪಿಗೂ 'ಪುನ್ಹಾ' ಬರಬೇಕಿತ್ತು, ಬರಲಿಲ್ಲ. ಮಕ್ಕಳ ಕಿವಿಗೆ ಬೀಳುವಂತೆ ಒಬ್ಬ ಮಾಸ್ತರ ಇನ್ನೊಬ್ಬ ಮಾಸ್ತರನನ್ನು ತಿದ್ದಬಾರದೆಂದು ನಾವು ಮೊದಲ ವರ್ಷವೇ ಮಾಡಿಕೊಂಡ ಕರಾರು. ಪರದೆಯಾಚೆ ನಿಂತವರು ಯಾರೆಂದು ಅವನಿಗೆ ಗೊತ್ತಿತ್ತು.

ವೈನಿ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನಾನು ಡಾಕ್ಟರ್‌ಬಾಯಿಯ ಸಂಶಯವನ್ನೂ ನನ್ನ ಪರೀಕ್ಷೆಯನ್ನೂ ಕ್ರಮವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿ ಕಪ್ಪು ಕೈಗಿಟ್ಟರು.

"ನಿಮ್ಮನ್ನ ಯಾಕ ಬೈತಾರ್ರಿ ಭಾವೂಜಿ? ನೀವೇನು ಅವರ ಹೆಂಡ್ತಿ ಏನು?"

ಇದು ಗುಣವಾದಂತೆಯೇ ಎಂದು ಕೇಳಿದರೆ ಅಲ್ಲ. ಕೈ ಏಳುವುದಿಲ್ಲ, ಕಾಲು ಏಳುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಹೊರಡುವಾಗ ಎದುರು ನಿಂತು "ಬರ್ತೀನೋ ಗಾವಡೆ" ಎಂದೆ. ಹಲ್ಲಿಯನ್ನು ನೋಡುವಂತೆಯೇ ನೋಡಿದ. ವೈನಿಗೆ ಕೊನೆಯ ಸೂಚನೆ ಕೊಟ್ಟೆ: ಪಾಠ ಹತ್ತೂವರೆಗೆ ತಪ್ಪಬಾರದು, ಉಚ್ಚಾರ ಮಾತ್ರ ಸುಧಾರಿಸಿಕೊಳ್ಳಬಾರದು. ನನ್ನ ವೃತ್ತಿಯಲ್ಲಿ ಈ ಎರಡನೆಯ ಸೂಚನೆ ಯಾರಿಗೂ ಕೊಟ್ಟದ್ದಿಲ್ಲ, ಮತ್ತು ಇಷ್ಟು ಮನಸ್ಸಿಟ್ಟು ಪಾಲಿಸುವ ವಿದ್ಯಾರ್ಥಿನಿಯೂ ಸಿಕ್ಕಿದ್ದಿಲ್ಲ. ಆಮೇಲೆ ಸ್ಟೂಲು ಹತ್ತಿ, ವೈನಿ ಅಂಚು ಹಿಡಿದು ಎಳೆದದ್ದಕ್ಕೆ ಜೋಲುಬಿದ್ದಿದ್ದ ಹಗ್ಗವನ್ನು ಬಿಗಿಯಾಗಿ ಕಟ್ಟಿ, ಸ್ಟೂಲನ್ನು ಅದರ ಜಾಗದಲ್ಲಿಟ್ಟೆ.